ಇವ್ರಿಗೆ ಬೇರೆ ಕೆಲ್ಸ ಇಲ್ವಾ?

ಗೋಕರ್ಣ ನೋಡೋಕೆ ಬಂದ ಆಫೀಸಿನ ಗೆಳೆಯರ ಜತೆ ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುತ್ತಿದ್ದೆ. ನೀರು ಇಳಿದಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಹೆಂಗಸರು ಬಳಚು ಹೆಕ್ಕುತ್ತಿದ್ದರು. ಗೋವಾದಲ್ಲಿ ನೀವು ತಿಂದ ಚಿಪ್ಪಿಮೀನು ಇಲ್ಲಿಂದಲೇ ಹೋಗಿದ್ದಿರಬಹುದು. ಫೋಟೋ ತೆಗೆದ ಗೆಳೆಯ ಕೇಳಿದ: "ಪಾಪ, ಇವ್ರಿಗೆ ಬೇರೆ ಕೆಲ್ಸ ಇಲ್ವಾ?"

ಅವನನ್ನು ಬೈಯೋಕೆ ಮನಸ್ಸಾಗಲಿಲ್ಲ. ನಮ್ಮ ಸರ್ಕಾರಗಳೂ ಇದನ್ನೇ ಕೇಳುತ್ತಾ ಬಂದಿವೆ. 2000ದ ದಶಕದಲ್ಲಿ ಇದೇ ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರ್ತೀವಿ ಅಂದರು. ಜನ ಎದುರು ನಿಂತರು, ಅದು ಬಿದ್ದುಹೋಯ್ತು. ಆಮೇಲೆ ದೊಡ್ಡ ಬಂದರಿನ ಮಾತು. ಎರಡಕ್ಕೂ ಕೊಟ್ಟ ಕಾರಣ ಒಂದೇ, ಉದ್ಯೋಗ. ಈಗಾಗಲೇ ಇಲ್ಲಿರುವ ಉದ್ಯೋಗ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಸಂಬಳದ ಚೀಟಿ ಇಲ್ಲ, ಪಿಎಫ್ ಇಲ್ಲ, ಹಾಗಾಗಿ ಅದು ಕೆಲಸವೇ ಅಲ್ಲ!

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು ಕಡಲಿನ ಉಪ್ಪುನೀರಿಗೆ ಸೇರುವ ಅಳಿವೆಯಲ್ಲಿ ಬಳಚು, ಸಿಗಡಿ, ಏಡಿ ಎಲ್ಲ ಬೆಳೆಯುತ್ತವೆ. ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೀನು ಮರಿ ಮಾಡುತ್ತದೆ. ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಹಡಗು ಬರಲಿ ಅಂತ ಆ ಕೆಸರನ್ನು ಬಗೆದು ತೆಗೆದರೆ ಇದನ್ನೆಲ್ಲ ಯಾವ ಬಂದರಿನ ಗೇಟಿನಲ್ಲಿ ಹುಡುಕೋದು?

ಹಾಗಂತ ಬೇಲಿ ಹಾಕಿಬಿಟ್ಟರೆ ಎಲ್ಲ ಉಳಿಯುತ್ತೆ ಅನ್ನೋರ ಜತೆಗೂ ನನ್ನ ತಕರಾರಿದೆ. ಇದೇ ನದಿಯ ಮೇಲಿನ ಕಾಡು ನೋಡಿ. ಅಲ್ಲಿ ಸಿಂಗಳೀಕ ತಿನ್ನುವ ಉಪ್ಪಾಗೆಯನ್ನೇ ಜನ ಹೆಕ್ಕಿ, ಸಿಪ್ಪೆ ಒಣಗಿಸಿ ಮಾರುತ್ತಾರೆ. 2011ರಲ್ಲಿ ಆ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯ್ತು. ಸ್ಥಳೀಯರ ಜತೆ ಮಾತಾಡಿಯೇ ಇಂಥ ಮೀಸಲು ಘೋಷಿಸಬೇಕು ಅನ್ನುತ್ತೆ ಕಾನೂನು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿದರು. ಅಭಯಾರಣ್ಯದ ಕಾಯ್ದೆಯಲ್ಲಿ ಕಾಡಿನ ಹಣ್ಣನ್ನು ಮನೆಬಳಕೆಗೆ ತರಬಹುದೇ ಹೊರತು ಮಾರೋಕೆ ಅಲ್ಲ. ತಮಾಷೆ ಏನಂದ್ರೆ, ಅದೇ ಅಭಯಾರಣ್ಯದೊಳಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ತರೋಕೆ ಸರ್ಕಾರವೇ ಓಡಾಡಿತು. ಬುಟ್ಟಿ ಹಿಡಿದವರಿಗೆ ಬೇಲಿ, ಜೆಸಿಬಿಗೆ ದಾರಿ.

ಊರಿನವರೆಲ್ಲ ಸಾಚಾ ಅಂತ ನಾನು ಹೇಳ್ತಿಲ್ಲ. ಹಳ್ಳಿಯಲ್ಲೇ ಬೆಳೆದವನು ನಾನು, ಗೊತ್ತಿದೆ. ಬಳಚಿಗೆ ಬೆಲೆ ಬಂದಾಗ ಮರಿಯನ್ನೂ ಬಿಡದೆ ಬಾಚುತ್ತಾರೆ. ಉಪ್ಪಾಗೆಯ ರೇಟು ಏರಿದ ವರ್ಷ ಹಸಿಕಾಯಿ ಕೀಳುತ್ತಾರೆ, ಕೊಂಬೆಯನ್ನೇ ಕಡಿಯುತ್ತಾರೆ. ಯಾಕೆ? ನಾನು ಬಿಟ್ಟರೆ ಇನ್ನೊಬ್ಬ ಕೊಯ್ತಾನೆ ಅನ್ನೋ ಭಯ. ನಾಳೆ ತನ್ನದಾಗಿ ಉಳಿಯುತ್ತೆ ಅನ್ನೋ ನಂಬಿಕೆ ಇಲ್ಲದವರು ಇವತ್ತೇ ಬಳಿದುಕೊಂಡು ಹೋಗ್ತಾರೆ. ಕಂಪನಿ ಮುಚ್ಚುತ್ತೆ ಅಂತ ಗೊತ್ತಾದರೆ ನಾವೂ ನೀವೂ ಉಳಿದ ರಜೆಯನ್ನೆಲ್ಲ ಹಾಕಿಕೊಳ್ಳಲ್ವಾ, ಹಾಗೆ.

ಅದಕ್ಕೇ ಮೊದಲು ಹಕ್ಕು ಕೊಡಿ, ಆಮೇಲೆ ನಿಯಮ ಕೇಳಿ. ಬಳಚು ಹೆಕ್ಕುವ ಮನೆಗಳಿಗೆ ಆ ಕೆಸರಿನ ಮೇಲೆ ಕಾಗದದ ಹಕ್ಕು ಬರಲಿ. ಯಾವ ಅಳತೆಗಿಂತ ಚಿಕ್ಕದನ್ನು ಮುಟ್ಟಬಾರದು, ಯಾವ ತಿಂಗಳು ಕೈಕಟ್ಟಿ ಕೂರಬೇಕು ಅನ್ನೋದನ್ನು ವಿಜ್ಞಾನಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೇ ತೀರ್ಮಾನಿಸಲಿ. ಕಾಡಿನವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಸಮುದಾಯ ಹಕ್ಕು ಸಿಗಲಿ. ಹಣ್ಣಾಗಿ ಬಿದ್ದದ್ದನ್ನು ಮಾತ್ರ ಹೆಕ್ಕಬೇಕು ಅನ್ನೋ ನಿಯಮವನ್ನು ಊರೇ ಕಾಯುತ್ತೆ.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಒಳ್ಳೇದೇ. ಆದರೆ ಆ ಅಳಿವೆಯನ್ನು ನೋಡಿಕೊಳ್ಳುವ ಯೋಜನೆ ಬರೆಯುವಾಗ ಮೇಜಿನ ಸುತ್ತ ಎಷ್ಟು ಜನ ಬಳಚಿನ ಹೆಂಗಸರು ಕೂತಿದ್ದರು ಅಂತ ಕೇಳಿದವರು ಎಷ್ಟು ಮಂದಿ? ಮುಂದಿನ ಸಲ ಯಾವುದೇ ಪರಿಸರ ಮನವಿಗೆ ಸಹಿ ಹಾಕುವ ಮುಂಚೆ ಇದೊಂದನ್ನು ಕೇಳಿ.

ದೋಣಿ ಇಳಿಯುವಾಗ ಗೆಳೆಯನಿಗೆ ಹೇಳಿದೆ: "ಅವರು ಕೆಲಸದಲ್ಲೇ ಇದ್ದಾರೆ ಮಾರಾಯ. ನೀರು ಏರಿದರೆ ಶಿಫ್ಟ್ ಮುಗೀತು."