ನಟಿಯ ಮುಖ, ಹೊಗೆಸೊಪ್ಪಿನ ವ್ಯಾಪಾರ

ವಿಕ್ಟೋರಿಯಾ ಕಾಲದ ಸಿಗರೇಟು ಪೊಟ್ಟಣಗಳಲ್ಲಿ ದೊರೆಯುತ್ತಿದ್ದ ನಟಿಯರ ಚಿತ್ರಪಟಗಳನ್ನು ಕಂಡು ಕೆಲವು ರಸಿಕರು, ‘ಬಡವನ ಮನೆಗೂ ಚಿತ್ರ ಬಂದದ್ದು ಇವುಗಳಿಂದ, ನಟಿಯರಿಗೂ ಇದೊಂದು ಗೌರವ’ ಎನ್ನುತ್ತಾರೆ. ಮಾತಿನ ಮೊದಲರ್ಧವನ್ನು ನಾನು ಒಪ್ಪುತ್ತೇನೆ. ಎರಡನೆಯದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಗೌರವಕ್ಕಾಗಿ ಹುಟ್ಟಿದ ಪಟಗಳಲ್ಲ ಇವು. ಕಾಗದದ ಪೊಟ್ಟಣ ನಲುಗಿ ಸಿಗರೇಟು ಮುರಿಯದಿರಲೆಂದು ಇಟ್ಟ ರಟ್ಟಿನ ತುಂಡುಗಳು. 1881ರಲ್ಲಿ ಬಾನ್ಸಾಕನ ಯಂತ್ರಕ್ಕೆ ಪೇಟೆಂಟು ದೊರೆಯಿತು. ಕೈಯಲ್ಲಿ ಸುತ್ತುತ್ತಿದ್ದ ಸಿಗರೇಟು ಮುಂದೆ ಯಂತ್ರದಿಂದ ರಾಶಿರಾಶಿಯಾಗಿ ಬೀಳತೊಡಗಿತು. ಮಾಲು ಹೆಚ್ಚಿದ ಮೇಲೆ ಗಿರಾಕಿಯನ್ನೂ ಹೆಚ್ಚಿಸಬೇಕಲ್ಲ! ಅಮೆರಿಕದ ರಿಚ್ಮಂಡಿನ ಆಲೆನ್ ಅಂಡ್ ಗಿಂಟರ್, ಡರ್ಹಮಿನ ಡ್ಯೂಕ್ ಮೊದಲಾದ ಕಂಪನಿಗಳು ಆ ರಟ್ಟಿನ ಮೇಲೆ ನಟಿಯರನ್ನು ಅಚ್ಚುಹಾಕಿದವು. ಪಟಗಳ ಮಾಲೆ ಪೂರ್ತಿಯಾಗಬೇಕಾದರೆ ಸೇದುತ್ತಲೇ ಇರಬೇಕು: ಇದೇ ಉಪಾಯ. ಡ್ಯೂಕ್ ಮನೆತನದ ಹಿರಿಯ ವಾಷಿಂಗ್ಟನ್ ಡ್ಯೂಕನೇ 1894ರಲ್ಲಿ ಮಗನಿಗೆ ಕಾಗದ ಬರೆದು ಇಂಥ ಚಿತ್ರಗಳನ್ನು ಆಕ್ಷೇಪಿಸಿದ. ಆತನ ಚಿಂತೆಯಾದರೋ ಸಮಾಜದ ನೀತಿಯದು, ನಟಿಯದಲ್ಲ.

ಕಾನೂನಾದರೂ ಆಕೆಯ ಬೆಂಬಲಕ್ಕಿತ್ತೇ? 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸರೋನಿ ಎಂಬ ಛಾಯಾಗ್ರಾಹಕನ ಮೊಕದ್ದಮೆಯಲ್ಲಿ, ಚಿತ್ರದ ಕರ್ತೃ ಅದನ್ನು ತೆಗೆದವನೇ ಎಂದು ತೀರ್ಪಿತ್ತಿತು. ಎದುರಿಗೆ ಕುಳಿತವರ ಮುಖದ ಹಕ್ಕು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. 1890ರಲ್ಲಿ ಮರಿಯನ್ ಮನೋಲಾ ಎಂಬ ನಟಿ, ರಂಗದ ಮೇಲೆ ಬಿಗಿಯುಡುಪಿನಲ್ಲಿದ್ದ ತನ್ನನ್ನು ಒಪ್ಪಿಗೆಯಿಲ್ಲದೆ ಚಿತ್ರ ತೆಗೆದವರ ವಿರುದ್ಧ ನ್ಯೂಯಾರ್ಕಿನಲ್ಲಿ ತಡೆಯಾಜ್ಞೆ ತಂದಳು. ಅದು ಸಿಗರೇಟಿನ ಪಟದ ವ್ಯಾಜ್ಯವಲ್ಲ, ನಿಜ. ಆದರೆ ಕೇಳದೆ ಕೊಂಡೊಯ್ದ ಮುಖವನ್ನು ನಟಿ ಗೌರವವೆಂದು ಎಣಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಾರಾ ಬರ್ನಾರ್ಡಳಂಥ ಪ್ರಸಿದ್ಧೆಯರು ಛಾಯಾಗ್ರಾಹಕರಿಂದ ಹಣ ಪಡೆದರಲ್ಲ ಎನ್ನಬಹುದು. ಪಡೆದರು. ಹೆಸರನ್ನೂ ಅಚ್ಚುಹಾಕದೆ ಬಿಟ್ಟ ಎಷ್ಟೋ ಪಟಗಳ ಹೆಣ್ಣುಮಕ್ಕಳ ಗತಿಯೇನು? ಹೂವಿನೊಡನೆ ನಾರೂ ಸ್ವರ್ಗಕ್ಕೇರಿತೆಂಬುದು ನಮ್ಮ ಗಾದೆ. ಇಲ್ಲಿ ನಾರು ಸ್ವರ್ಗಕ್ಕೇರಿತು, ಹೂವು ಕಸದಬುಟ್ಟಿಗೆ ಬಿತ್ತು.

ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ ಮೂರು ಲಕ್ಷಕ್ಕೂ ಮಿಕ್ಕ ಇಂಥ ಅಚ್ಚಿನ ಚೂರುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, 1963ರಲ್ಲಿ ತೀರಿಕೊಂಡ. ಆತನಿಗೆ ನಮಸ್ಕಾರ. ಆದರೆ ಆತ ಹಾಕಿಕೊಟ್ಟ ಪಟ್ಟಿಯಲ್ಲಿ ತಂಬಾಕಿನ ಪಟಗಳು ನಿಂತದ್ದು ಕಂಪನಿಯ ಸಾಲಿನಲ್ಲಿ. ಗೌರವದ ಮಾತಾಡುವವರು ಮೊದಲು ಆ ಸಾಲನ್ನು ಮುರಿಯಲಿ. ಈಕೆ ಯಾರು, ಯಾವ ರಂಗದಲ್ಲಿ ಯಾವ ಪಾತ್ರ ವಹಿಸಿದಳು ಎಂದು ಹುಡುಕಿ ಬರೆಯಲಿ. ಸಿಗರೇಟಿನ ಹೆಸರು ಕೊನೆಗೆ ಬಂದರೆ ಸಾಕು.