ಹತ್ತಂಕಿಯ ಸಂಖ್ಯೆ ಕಲಿಸಿದ ಪಾಠ

ಕಳೆದ ವರ್ಷ ಕ್ಯಾಂಪಸ್ ಆಯ್ಕೆಯ ಆನ್‌ಲೈನ್ ಪರೀಕ್ಷೆಯಲ್ಲಿ ನನಗೆ ಸುಲಭದ ಪ್ರಶ್ನೆಯೇ ಬಂದಿತ್ತು: ಕೊಟ್ಟ ಸಂಖ್ಯೆಯ ಫ್ಯಾಕ್ಟೋರಿಯಲ್ ಹೇಳುವ ಪ್ರೋಗ್ರಾಂ ಬರೆಯಿರಿ. ಅಂದರೆ 1ರಿಂದ ಆ ಸಂಖ್ಯೆಯವರೆಗಿನ ಎಲ್ಲವನ್ನೂ ಗುಣಿಸಬೇಕು. ಜಾವಾದಲ್ಲಿ ಐದೇ ನಿಮಿಷದಲ್ಲಿ ಬರೆದೆ. 5 ಕೊಟ್ಟರೆ 120 ಬಂತು. 13 ಕೊಟ್ಟರೆ 1932053504 ಬಂತು. ಸರಿಯೇ ಇರಬೇಕು ಎಂದುಕೊಂಡು ಸಲ್ಲಿಸಿದೆ. ಮುಂದಿನ ಸುತ್ತಿನ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಮನೆಗೆ ಬಂದು ಕಾಗದದ ಮೇಲೆ ಗುಣಿಸಿ ನೋಡಿದೆ. ಸರಿಯುತ್ತರ 6227020800. ತಪ್ಪು ಕಂಪ್ಯೂಟರಿನದಲ್ಲ, ನನ್ನದು. ನಾನು ಬಳಸಿದ್ದ ‘ಇಂಟ್’ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647, ಅಂದರೆ 2ರ 31ನೇ ಘಾತದಿಂದ 1 ಕಳೆದದ್ದು. ಅದನ್ನು ದಾಟಿದರೆ ಜಾವಾ ಎಚ್ಚರಿಸುವುದಿಲ್ಲ. 32 ಬಿಟ್‌ಗಳಲ್ಲಿ ಹಿಡಿಸದ ಭಾಗವನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ.

ಈ ತಪ್ಪು ಹಿಡಿಯಲು ಹೈಸ್ಕೂಲ್ ಗಣಿತ ಸಾಕಿತ್ತು ಎಂಬುದೇ ನನ್ನನ್ನು ಹೆಚ್ಚು ಕಾಡಿತು. ಆ ಗುಣಾಕಾರದಲ್ಲಿ 2, 5 ಮತ್ತು 10 ಇವೆ. ಹಾಗಾಗಿ ಉತ್ತರದ ಕೊನೆಗೆ ಎರಡು ಸೊನ್ನೆ ಇರಲೇಬೇಕು. 9 ಇದೆ, ಅಂಕಿಗಳ ಮೊತ್ತ 9ರಿಂದ ಭಾಗವಾಗಲೇಬೇಕು. ನನ್ನ ಉತ್ತರದ ಕೊನೆಗೆ 04 ಇತ್ತು, ಅಂಕಿಗಳ ಮೊತ್ತ 32.

ಅದೇ 2147483647ರ ಹಿಂದೆ ಬಿದ್ದು ಓದಿದಾಗ ಸಿಕ್ಕವರು ಆಯ್ಲರ್. ಅದು ಅವಿಭಾಜ್ಯ ಸಂಖ್ಯೆ ಎಂದು 1772ರಲ್ಲಿ ತೋರಿಸಿದಾಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಅದರ ವರ್ಗಮೂಲ ಸುಮಾರು 46340. ಅಲ್ಲಿಯವರೆಗೆ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಎಲ್ಲದರಿಂದಲೂ ಭಾಗಿಸುತ್ತ ಕೂರಬೇಕಾಗಲಿಲ್ಲ. ಇದು ಮರ್ಸೆನ್ ಜಾತಿಯ ಸಂಖ್ಯೆ. ಹಾಗಾಗಿ ಇದನ್ನು ಭಾಗಿಸಬಲ್ಲ ಸಂಖ್ಯೆಯೊಂದಿದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ ಉಳಿಯಬೇಕು ಎಂದು ಅವರು ಕಂಡುಕೊಂಡರು. ಪರೀಕ್ಷಿಸಬೇಕಾದವು ಆಗ 372ಕ್ಕಿಂತ ಹೆಚ್ಚಿಲ್ಲ! ಸಂಖ್ಯೆ ಯಾವ ಜಾತಿಯದೆಂದು ತಿಳಿದದ್ದೇ ಅಷ್ಟು ಶ್ರಮ ಉಳಿಸಿತು.

ಇದು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಿರುವ ಹಳೆಯ 32 ಬಿಟ್ ವ್ಯವಸ್ಥೆಗಳು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8.44ಕ್ಕೆ, ಇದೇ ಸಂಖ್ಯೆಯನ್ನು ಮುಟ್ಟುತ್ತವೆ. ಸರಿಪಡಿಸದೆ ಉಳಿದವುಗಳ ಲೆಕ್ಕ ಮರುಸೆಕೆಂಡಿಗೆ 1901ಕ್ಕೆ ಜಿಗಿಯುತ್ತದೆ. ಅವುಗಳನ್ನು ಸರಿಪಡಿಸುವ ಕೆಲಸ ನಮ್ಮ ತಲೆಮಾರಿನದೇ.

ಕೋಚಿಂಗ್ ತರಗತಿಗಳಲ್ಲಿ ಭಾಜ್ಯತೆಯ ನಿಯಮಗಳನ್ನು ಮೂವತ್ತು ಸೆಕೆಂಡಿನಲ್ಲಿ ಉತ್ತರ ಗುರುತಿಸುವ ‘ಟ್ರಿಕ್’ ಎಂದು ಕಲಿಯುತ್ತೇವೆ, ಪರೀಕ್ಷೆ ಮುಗಿದ ಸಂಜೆಯೇ ಮರೆಯುತ್ತೇವೆ. ಈಗಂತೂ ಕೋಡ್ ಬರೆದುಕೊಡಲು ಎಐ ಇದೆ. ಆದರೆ ತೆರೆಯ ಮೇಲೆ ಬಂದ ಉತ್ತರವನ್ನು ನೋಡಿ ‘ಇದು ಹೀಗಿರಲು ಸಾಧ್ಯವೇ?’ ಎಂದು ಕೇಳಬೇಕಾದವರು ನಾವೇ. ಕೆಲಸ ಕೊಡುವವರಿಗೆ ಬೇಕಾಗಿರುವುದೂ ಹಾಗೆ ಕೇಳಬಲ್ಲವರೇ ಅಲ್ಲವೇ?

ಈ ವರ್ಷ ಮತ್ತೆ ಪರೀಕ್ಷೆ ಬರೆಯುತ್ತಿದ್ದೇನೆ. ಸಲ್ಲಿಸುವ ಮುನ್ನ ಉತ್ತರದ ಕೊನೆಯ ಎರಡಂಕಿಗಳನ್ನಾದರೂ ನೋಡುತ್ತೇನೆ.