ಪೇಟೆ ಮುಳುಗಿತು, ಸೆಕ್ಟರ್ ಎದ್ದಿತು: ಕೇರಿ ಎಲ್ಲಿ ಹೋಯಿತು?

ನಮ್ಮ ಕಡೆ ಹೊಸಬ ಯಾರೇ ಬರಲಿ, ಮೊದಲು ಕೇಳುವ ಮಾತು ಒಂದೇ: "ಯಾವ ಓಣಿಯಾಂವಪಾ?" ಕೇಳಿದವನಿಗೆ ವಿಳಾಸ ಬೇಕಾಗಿಲ್ಲ, ಅವನು ಪತ್ರ ಬರೆಯುವವನೇನೂ ಅಲ್ಲ. ಅವನಿಗೆ ಬೇಕಾದ್ದು ಜಾತಿ. ಚಲವಾದಿ ಓಣಿ, ಮಾದರ ಓಣಿ, ಸಮಗಾರ ಓಣಿ ಅಂದರೆ ಸಾಕು, ಅವನ ಮುಖದ ಬಣ್ಣ ಬದಲಾಗುತ್ತದೆ. ನಮ್ಮ ದೇಶದಲ್ಲಿ ನೆಲಕ್ಕೂ ಜಾತಿ ಇದೆ. ಈ ಮಾತನ್ನು ಹಾಸ್ಟೆಲಿನ ಗೆಳೆಯರು ಪುಸ್ತಕದಲ್ಲಿ ಓದಬೇಕಾಗಿಲ್ಲ, ಊರಲ್ಲಿ ಒಮ್ಮೆ ಕಣ್ಣು ತೆರೆದು ನಡೆದರೆ ಸಾಕು.

ತಿಮ್ಮಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ನಮ್ಮ ಹುಡುಗರು ಓದಲಿಕ್ಕೆಂದು ಬಾಗಲಕೋಟೆಗೆ ಬರುತ್ತಾರೆ. ಅಪ್ಪ ಅವ್ವ ಕಬ್ಬು ಕಡಿದು ಕಳಿಸಿದ ರೊಕ್ಕ, ಸರಕಾರದ ಹಾಸ್ಟೆಲು, ತೆಳ್ಳಗಿನ ಸಾರು. ಮೂರು ವರ್ಷ ಇದ್ದು ಬಸ್‌ಸ್ಟ್ಯಾಂಡ್, ಕಾಲೇಜು, ಹಾಸ್ಟೆಲ್ ಈ ಮೂರೇ ಜಾಗ ನೋಡಿ ಊರಿಗೆ ಮರಳುತ್ತಾರೆ. ಊರು ತಮಗೆ ಸೇರಿದ್ದಲ್ಲ ಅಂತ ಅವರ ಕಾಲಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಯಾರು ಹೇಳಿಕೊಟ್ಟರು?

ಬಾಬಾಸಾಹೇಬರು 1936ರಲ್ಲಿ ಬರೆದ 'ಜಾತಿ ವಿನಾಶ'ದಲ್ಲಿ ಪೇಶ್ವೆಯರ ಪುಣೆಯ ಸಂಗತಿ ಇದೆ. ಅಸ್ಪೃಶ್ಯನು ಬೀದಿಗೆ ಬಂದರೆ ತನ್ನ ಹೆಜ್ಜೆ ಗುರುತು ತಾನೇ ಗುಡಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕು, ಉಗುಳಲು ಕೊರಳಿಗೆ ಗಡಿಗೆ ಕಟ್ಟಿಕೊಳ್ಳಬೇಕು. ಅದೇ ಪೇಶ್ವೆಯರ ಸರದಾರರ ಕೈಯಲ್ಲಿ 1818ರವರೆಗೆ ಈ ಬಾಗಲಕೋಟೆ ಇತ್ತು. ಇಲ್ಲಿ ನಾಣ್ಯ ಹೊಡೆಯುವ ಟಂಕಸಾಲೆಯೂ ಇತ್ತು. ಊರಿನ ಚರಿತ್ರೆ ಬರೆಯುವವರು ಟಂಕಸಾಲೆ ನೆನೆಯುತ್ತಾರೆ, ಸರದಾರರನ್ನು ನೆನೆಯುತ್ತಾರೆ. ಆ ಬೀದಿಯಲ್ಲಿ ನಮ್ಮ ಮುತ್ತಜ್ಜ ಹೇಗೆ ನಡೆದನೆಂದು ಮಾತ್ರ ಕೇಳುವುದಿಲ್ಲ. ಬೀದಿಯಲ್ಲಿ ನಡೆಯುವುದು ನಮಗೆ ತಿರುಗಾಟವಲ್ಲ, ಹಕ್ಕು. 1924ರಲ್ಲಿ ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಗಾಗಿ ಸತ್ಯಾಗ್ರಹ ಮಾಡಬೇಕಾಯಿತು ಎಂಬುದನ್ನು ಮರೆಯಬೇಡಿ.

ಹಾಗಾದರೆ ನಡೆಯೋಣ. ಹಳೇ ಬಾಗಲಕೋಟೆ ಘಟಪ್ರಭಾ ದಂಡೆಯ ಊರು. ಅದಕ್ಕೆ ಐದು ಹೆಸರುಗಳು: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಒಂದೊಂದಕ್ಕೂ ತನ್ನದೇ ಗತ್ತು, ತನ್ನದೇ ಹಿರಿಯರು. ಈ ಗತ್ತು ನೋಡಬೇಕಾದರೆ ಹೋಳಿಗೆ ಬರಬೇಕು. ಪ್ರತಿ ಪೇಟೆಗೂ ತನ್ನ ನಿಶಾನಿ, ತನ್ನ ಹಲಗಿ ಮೇಳ, ತನ್ನ ಸೋಗಿನ ಬಂಡಿ, ತನ್ನ ಬಣ್ಣದ ಬಂಡಿ. ಯಾವ ಪೇಟೆಯ ಹಲಗಿ ಜೋರು ಅಂತ ಪಣ ಬೀಳುತ್ತದೆ. ನಾಡಿನ ಪತ್ರಿಕೆಗಳೆಲ್ಲ ಈ ಹೋಳಿಯನ್ನು ಹೊಗಳುತ್ತವೆ.

ಈಗ ಆ ಐದು ಹೆಸರನ್ನು ಇನ್ನೊಮ್ಮೆ ಓದಿರಿ. ಅದರಲ್ಲಿ ನಮ್ಮ ಕೇರಿ ಎಲ್ಲಿದೆ? ಇಲ್ಲ. ಆದರೆ ಹಲಗಿ ಯಾರದು? ಸತ್ತ ದನದ ಚರ್ಮ ಹದ ಮಾಡಿ, ಕಟ್ಟಿಗೆ ಬಳೆಗೆ ಬಿಗಿದು, ಬೆಂಕಿಗೆ ಕಾಯಿಸಿ ನುಡಿಸಿದ ಕೈ ಯಾರದು? ಕಿಲ್ಲಾದಲ್ಲಿ ಸುಡುವ ಊರ ಮೊದಲ ಕಾಮನಿಗೆ ಬೆಂಕಿ ಯಾರ ಮನೆಯಿಂದ ಬರುತ್ತದೆ? ದಲಿತರ ಮನೆಯಿಂದ. ನಮ್ಮ ಮನೆಯ ಬೆಂಕಿ ಬೇಕು, ನಮ್ಮ ಹಲಗಿಯ ಸದ್ದು ಬೇಕು. ಐದು ದಿನ ಮೇಲ್ಜಾತಿಯ ಹುಡುಗರೂ ಹೆಗಲಿಗೆ ಹಲಗಿ ಹಾಕಿಕೊಂಡು ಕುಣಿಯುತ್ತಾರೆ. ಆರನೇ ದಿನ ಹಲಗಿ ಮತ್ತೆ ಮೈಲಿಗೆ. ಹಬ್ಬ ಬೇಡವೆಂದು ನಾವು ಹೇಳುತ್ತಿಲ್ಲ. ಬೆಂಕಿ ಕೊಟ್ಟವನ ಓಣಿಗೂ ಊರ ಲೆಕ್ಕದಲ್ಲಿ ಹೆಸರು ಬೇಕು, ಇಷ್ಟೇ.

ಈ ಹಳೇ ಊರಿಗೆ ನೀರು ಬಂತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರಬೇಕಾದ ಘಟಪ್ರಭೆ ಹಿಂದಕ್ಕೆ ಸರಿದು ಊರೊಳಗೆ ಹೊಕ್ಕಿತು. ನೀರು ಜಾತಿ ನೋಡಲಿಲ್ಲ, ಮಟ್ಟ ನೋಡಿತು. ಪೇಟೆಯ ವಾಡೆಯೂ ಹೋಯಿತು, ತಗ್ಗಿನ ಗುಡಿಸಲೂ ಹೋಯಿತು. ಮುಳುಗಿದವರೆಲ್ಲರ ಕಣ್ಣೀರು ನಿಜವಾದದ್ದೇ. ಆದರೆ ಪರಿಹಾರದ ಕಾಗದ ಹಾಗಲ್ಲ. ಆಗ ನಡೆದದ್ದು 1894ರ ಭೂಸ್ವಾಧೀನ ಕಾಯ್ದೆ. ಅದು ಆಸ್ತಿಗೆ ಮಾರುಕಟ್ಟೆ ದರ ಕಟ್ಟುವ ಕಾಯ್ದೆ. ಆಸ್ತಿ ಇದ್ದವನಿಗೆ ರೊಕ್ಕ. ಉತಾರೆಯಲ್ಲಿ ಹೆಸರಿಲ್ಲದೆ ಮೂರು ತಲೆಮಾರು ಬದುಕಿದವನಿಗೆ ಏನು? ಕೇರಿಯ ಜಾಗಕ್ಕೆ ಮಾರುಕಟ್ಟೆಯಲ್ಲಿ ದರ ಎಷ್ಟು? ಮುಟ್ಟಲು ಹೇಸುವ ನೆಲಕ್ಕೆ ದರ ಕಟ್ಟುವವರು ಯಾರು?

ಗುಡ್ಡದ ಕಡೆ ನವನಗರ ಎದ್ದಿತು. ದೊಡ್ಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದರ ನಕ್ಷೆ ಮಾಡಿದರು. ಅಗಲವಾದ ರಸ್ತೆ, ಗಿಡ, ಓಣಿಗಳ ಬದಲು ಸೆಕ್ಟರುಗಳು. ನಮಗೆ ಇದು ಸಣ್ಣ ಸಂಗತಿಯಲ್ಲ. ಹೆಸರಿಗೆ ಜಾತಿ ಇರುತ್ತದೆ, ನಂಬರಿಗೆ ಇರುವುದಿಲ್ಲ. "ಯಾವ ಓಣಿ?" ಅಂದವನಿಗೆ ನಂಬರು ಹೇಳಿ ತಲೆ ಎತ್ತಿ ನಡೆಯಬಹುದು ಅಂತ ನಮ್ಮ ಮಂದಿ ಆಸೆಪಟ್ಟರು. ಹಳ್ಳಿಯನ್ನು ಹೊಗಳುವವರಿಗೆ 1948ರಲ್ಲಿ ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟವರು ಬಾಬಾಸಾಹೇಬರು. ಹಳ್ಳಿ ಸಂಕುಚಿತತನದ, ಅಜ್ಞಾನದ ಬೀಡು ಎಂಬುದು ಅವರ ಮಾತಿನ ತಿರುಳು. ಹೊಸ ನಗರ ಕಟ್ಟುವಾಗ ಅದಕ್ಕೆ ಉತ್ತರವಾಗುವ ಅವಕಾಶ ಇತ್ತು.

ಏನಾಯಿತು? ಬಾಡಿಗೆಗೆ ಖೋಲಿ ಕೇಳಿ ನಮ್ಮ ಹುಡುಗರು ಬಾಗಿಲು ತಟ್ಟಿದರೆ ಈಗಿನ ಪ್ರಶ್ನೆ ಬೇರೆ ತರಹ. "ಯಾವ ಸೆಕ್ಟರದಾಗ ಇರತೀರಿ?" ನಂಬರು ಹೇಳುತ್ತೇವೆ. "ಹಂಗಲ್ಲ, ಮೊದಲ ಹಳೇ ಊರಾಗ ಎಲ್ಲಿದ್ರಿ?" ಅದೂ ಆಗದಿದ್ದರೆ, "ನಿಮ್ಮ ಅಡ್ಡಹೆಸರು ಏನ್ರಿ?" ಕೊನೆಗೆ, "ಖೋಲಿ ಬ್ಯಾರೆಯವರಿಗೆ ಕೊಟ್ಟೇವಿ." ಪೇಟೆ ನೀರಿನಲ್ಲಿದೆ, ಆದರೆ ಪೇಟೆಯ ಮನಸ್ಸು ಟೆಂಪೋದಲ್ಲಿ ಸಾಮಾನಿನ ಜೊತೆ ಗುಡ್ಡ ಹತ್ತಿದೆ. ನಂಬರು ಬರೆದ ಮಾತ್ರಕ್ಕೆ ಕೇರಿ ಅಳಿಯಲಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇವೆ? ಇನ್ನೂ ಮುಳುಗುವುದಿದೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿತು. ಅಂದರೆ ಇನ್ನೂ ನಾಲ್ಕೂವರೆ ಮೀಟರಿಗಿಂತ ಹೆಚ್ಚು ನೀರು. ಹಳೇ ಊರಿನ ಇನ್ನಷ್ಟು ಭಾಗ, ಸುತ್ತಿನ ಹಳ್ಳಿಗಳು ಎದ್ದು ನಡೆಯಬೇಕು. ಮತ್ತೆ ನಕ್ಷೆ, ಮತ್ತೆ ಸೆಕ್ಟರು. ನಕ್ಷೆ ಬರೆಯುವ ಮೇಜಿನ ಮುಂದೆ ಈ ಸಲ ನಾವು ಇರಬೇಕು.

2013ರ ಹೊಸ ಭೂಸ್ವಾಧೀನ ಕಾಯ್ದೆ ಹಳೆಯದರಂತಲ್ಲ. ನಗರದಲ್ಲಿ ಮೂರು ವರ್ಷದಿಂದ ವಾಸವಿದ್ದ ಕುಟುಂಬವನ್ನೂ ಅದು ಬಾಧಿತ ಕುಟುಂಬವೆಂದು ಗುರುತಿಸುತ್ತದೆ. ಉತಾರೆ ಇಲ್ಲದಿದ್ದರೂ ಬಾಯಿ ಇದೆ ಎಂದರ್ಥ. ಆದರೆ ಬಾಯಿಗೆ ದಾಖಲೆ ಬೇಕು. ರೇಷನ್ ಕಾರ್ಡು, ಮತದಾರರ ಚೀಟಿ, ಕರೆಂಟ್ ಬಿಲ್ಲು, ಮಕ್ಕಳ ಶಾಲೆ ದಾಖಲಾತಿ. ಓದು ಬಂದ ನೀವು ಓದು ಬಾರದ ಹಿರಿಯರಿಗೆ ಇದನ್ನು ಕೂಡಿಸಿ ಕೊಡದಿದ್ದರೆ ನಿಮ್ಮ ಡಿಗ್ರಿ ಗೋಡೆಗೆ ನೇತುಹಾಕುವ ಕಾಗದ ಅಷ್ಟೇ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಪರಿಶಿಷ್ಟ ಪಂಗಡದವರನ್ನು ಆದಷ್ಟೂ ಒಂದೇ ಕಡೆ ಒತ್ತಟ್ಟಿಗೆ ನೆಲೆಗೊಳಿಸಬೇಕು, ಅವರ ಭಾಷೆ, ಸಂಸ್ಕೃತಿ ಉಳಿಯಬೇಕು ಎಂದು. ಇದನ್ನು ಓದಿ ನಮ್ಮಲ್ಲೇ ಎರಡು ಮಾತಿದೆ. ಕೆಲವರು ಹೇಳುತ್ತಾರೆ: ಚದುರಿ ಹೋದರೆ ಸತ್ತವನನ್ನು ಹೊರಲು ನಾಲ್ಕು ಹೆಗಲು ಸಿಗುವುದಿಲ್ಲ, ಏಪ್ರಿಲ್ 14ಕ್ಕೆ ಮೆರವಣಿಗೆ ಹೊರಡುವುದಿಲ್ಲ, ರಾತ್ರಿ ಹಲ್ಲೆಯಾದರೆ ಓಡಿ ಬರುವವರಿಲ್ಲ, ಓಟಿಗೂ ಬಲವಿಲ್ಲ. ಇದು ಖರೆ. ಇನ್ನು ಕೆಲವರು: ಒತ್ತಟ್ಟಿಗೆ ಅಂದರೆ ಮತ್ತೆ ಕೇರಿಯೇ. ಊರ ಅಂಚಿಗೆ, ಗಟಾರದ ಬಾಯಿಗೆ ಒಂದು ತುಂಡು ನೆಲ ತೋರಿಸಿ ಅಂಬೇಡ್ಕರ್ ಹೆಸರಿನ ಬೋರ್ಡು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇದೂ ಖರೆ.

ನಮ್ಮ ನಿಲುವು ಸ್ಪಷ್ಟ. ಒಟ್ಟಿಗೆ ಇರುವ ಹಕ್ಕು ನಮಗಿರಲಿ, ಒಟ್ಟಿಗೆ ದೂಡುವ ಹಕ್ಕು ಅವರಿಗೆ ಬೇಡ. ನೆರೆಹೊರೆ ಬೇಕೆಂದವರು ನೆರೆಹೊರೆಯಾಗಿ ಇರಲಿ, ಆದರೆ ಅಂಚಿಗಲ್ಲ: ಶಾಲೆ, ದವಾಖಾನೆ, ಬಸ್‌ಸ್ಟಾಪು, ನೀರಿನ ಟಾಕಿ ಇರುವ ನಡುಭಾಗದಲ್ಲಿ. ಬೇರೆ ಸೆಕ್ಟರ್ ಬೇಕೆಂದವನಿಗೆ ಚೀಟಿ ಎತ್ತಿ ಕೊಡಲಿ, ಯಾರ ಪಕ್ಕದಲ್ಲಿ ಯಾರು ಎಂಬುದನ್ನು ಮೇಲ್ಜಾತಿಯ ಮುಖಂಡ ಆಫೀಸಿನಲ್ಲಿ ಕೂತು ತೀರ್ಮಾನಿಸುವುದು ಬೇಡ. ಕೇರಿ ಎಂಬುದು ನಾವು ಒಟ್ಟಿಗೆ ಇದ್ದುದರಿಂದ ಹುಟ್ಟಿದ್ದಲ್ಲ, ಹೊರಗೆ ಹೋಗಲು ಬಿಡದ್ದರಿಂದ ಹುಟ್ಟಿದ್ದು.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಬರುವ ಭಾನುವಾರ ನಾಲ್ಕು ನಾಲ್ಕು ಮಂದಿ ಕೂಡಿ ಹೊರಡಿ. ಕಿಲ್ಲಾದಿಂದ ಶುರುಮಾಡಿ. ಮುಳುಗಿ ಉಳಿದ ಗೋಡೆ ನೋಡಿ, ಹಿರಿಯರನ್ನು ಕೇಳಿ: ನಮ್ಮ ಮನೆಗಳು ಎಲ್ಲಿದ್ದವು, ನೀರು ಎಲ್ಲಿಂದ ತರುತ್ತಿದ್ದಿರಿ, ಯಾವ ಬೀದಿಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದಿರಿ? ನೋಟಬುಕ್ಕಿನಲ್ಲಿ ಬರೆಯಿರಿ. ಮುಧೋಳದವರು ಮುಧೋಳದಲ್ಲಿ, ಜಮಖಂಡಿಯವರು ಜಮಖಂಡಿಯಲ್ಲಿ, ಬನಹಟ್ಟಿಯವರು ಮಗ್ಗದ ಸದ್ದಿನ ಗಲ್ಲಿಗಳಲ್ಲಿ, ತಿಮ್ಮಾಪುರದವರು ತಮ್ಮ ಊರಲ್ಲಿ ಇದನ್ನೇ ಮಾಡಲಿ. ನಾಳೆ ಮುಳುಗಡೆ ಆಫೀಸಿನವನು ನಕ್ಷೆ ಬಿಚ್ಚಿದಾಗ ನಮ್ಮ ಕೈಯಲ್ಲೂ ಒಂದು ನಕ್ಷೆ ಇರಬೇಕು.

ಜೈ ಭೀಮ್.